ಮರಿಯ ರೇಟು, ನಾಯಿಯ ಲೆಕ್ಕ

ಶಿರಸಿ ಸೀಮೆಯಲ್ಲಿ ಈಗ ಅಡಿಕೆ ರೇಟಿನ ಮಾತು ಮುಗಿಯುತ್ತಿದ್ದ ಹಾಗೆ ನಾಯಿಮರಿ ರೇಟಿನ ಮಾತು ಶುರುವಾಗುತ್ತದೆ. ಚಾಲಿ ಎಷ್ಟಕ್ಕೆ ಹೋಯ್ತು, ರಾಶಿ ಎಷ್ಟಕ್ಕೆ ನಿಂತಿತು ಎಂದು ವಿಚಾರಿಸಿದ ಬಾಯಿಯೇ, ರಾಟ್‌ವೀಲರ್ ಮರಿಗೆ ಎಷ್ಟು ಹೇಳ್ತಾರೆ, ಗ್ರೇಟ್ ಡೇನ್ ಅದಕ್ಕಿಂತ ಅಗ್ಗವಂತೆ ಹೌದಾ ಎಂದೂ ವಿಚಾರಿಸುತ್ತದೆ. ಸಿದ್ದಾಪುರದ ಕಡೆ ಮದುವೆಮನೆಯ ಊಟದ ಪಂಕ್ತಿಯಲ್ಲಿ ಇದೇ ಚರ್ಚೆ, ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಚಾ ಅಂಗಡಿಯಲ್ಲೂ ಇದೇ. ಕೊನೆಗೆ ಅನುಭವಸ್ಥರೊಬ್ಬರು ತೀರ್ಪು ಕೊಡುತ್ತಾರೆ: ‘ಒಂದ್ಸಲ ಖರ್ಚು ಮಾಡಿ ಒಳ್ಳೇ ಜಾತಿ ಮರಿ ತಂದ್ಬಿಡ್ಬೇಕು ಮಾರಾಯಾ. ಆಮೇಲೆ ಹತ್ತು ವರ್ಷ ನಿಶ್ಚಿಂತೆ.’ ಕೂತವರೆಲ್ಲ ತಲೆಯಾಡಿಸುತ್ತಾರೆ.

ನನ್ನ ತಕರಾರಿರುವುದು ಈ ತಲೆಯಾಡಿಸುವಿಕೆಯ ಮೇಲೆ. ಖರ್ಚು ಒಂದ್ಸಲದ್ದಲ್ಲ. ಹತ್ತು ವರ್ಷ ಬದುಕುವ ಗ್ರೇಟ್ ಡೇನ್ ಅಪರೂಪ. ಏಳೆಂಟಕ್ಕೆ ಮುಗಿಯುವವೇ ಹೆಚ್ಚು. ರಾಟ್‌ವೀಲರ್ ಒಂಬತ್ತು ಹತ್ತು ಮುಟ್ಟಿದರೆ ಪುಣ್ಯ. ಇನ್ನು ನಿಶ್ಚಿಂತೆ ಎಂಬುದು ಆ ಮನೆಯಲ್ಲಿ ಮರಿ ಬಂದ ದಿನವೇ ಗೇಟು ದಾಟಿ ಹೋಗಿರುತ್ತದೆ.

ಎರಡು ಜಾತಿಗಳ ನಡುವಿನ ಜಗಳದಲ್ಲಿ ನಾನು ಯಾವ ಪಕ್ಷದವನೂ ಅಲ್ಲ. ಎರಡೂ ಚಂದದ ಪ್ರಾಣಿಗಳು. ರಾಟ್‌ವೀಲರ್ ಜರ್ಮನಿಯ ರೊಟ್‌ವೈಲ್ ಪಟ್ಟಣದ ಕಟುಕರ ದನ ಹೊಡೆದುಕೊಂಡು ಹೋಗುತ್ತಿದ್ದ, ಅವರ ಕೈಗಾಡಿ ಎಳೆಯುತ್ತಿದ್ದ ನಾಯಿ. ಗ್ರೇಟ್ ಡೇನ್ ಹೆಸರಿಗೆ ಮಾತ್ರ ಡೆನ್ಮಾರ್ಕಿನದು. ಬೆಳೆದದ್ದು ಜರ್ಮನಿಯ ದೊರೆಗಳ ಕಾಡುಹಂದಿ ಬೇಟೆಯಲ್ಲಿ. ಅವುಗಳ ಊರಿನಲ್ಲಿ ಅವಕ್ಕೊಂದು ಕೆಲಸವಿತ್ತು, ಕೆಲಸ ಮಾಡಿಸುವ ಗಟ್ಟಿ ಆಳುಗಳಿದ್ದರು. ಸೊಪ್ಪಿನ ಬೆಟ್ಟದ ಬುಡದಲ್ಲಿ, ಕೂಗಳತೆಗೊಂದು ಮನೆಯಿರುವ ನಮ್ಮ ಊರುಗಳಲ್ಲಿ, ಇಬ್ಬರೇ ವಯಸ್ಸಾದವರು ಉಳಿದಿರುವ ಮನೆಯ ಜಗಲಿಯಲ್ಲಿ ಇವಕ್ಕೇನು ಕೆಲಸ ಎಂಬುದಷ್ಟೇ ನನ್ನ ಪ್ರಶ್ನೆ.

ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ ಇದ್ದಾರೆ. ಅಪ್ಪಯ್ಯ, ಆಯಿ ಊರಿನಲ್ಲಿ. ಸುಗ್ಗಿಯಲ್ಲಿ ಅಂಗಳದ ತುಂಬ ಅಡಿಕೆ, ಅಟ್ಟದ ಮೇಲೆ ಕಾಳುಮೆಣಸಿನ ಚೀಲ. ದರ ಏರಿದಾಗಲೆಲ್ಲ ಕಳ್ಳತನದ ಸುದ್ದಿಯೂ ಏರುತ್ತದೆ. 2003ರ ಸುಮಾರಿಗೆ ವೆನಿಲ್ಲಾಕ್ಕೆ ಹುಚ್ಚು ಬೆಲೆ ಬಂದಾಗ ಬ್ಯಾಟರಿ ಹಿಡಿದು ರಾತ್ರಿಯಿಡೀ ತೋಟ ಕಾದವರು ಈಗಲೂ ಊರಲ್ಲಿದ್ದಾರೆ. ಆಗ ಅವರಿಗೆ ನಲವತ್ತೈದು, ಈಗ ಅರವತ್ತೈದು ದಾಟಿದೆ. ಹಾಗಾಗಿ ಮನೆಗೊಂದು ಕಾವಲು ಬೇಕೆಂಬುದು ಸರಿಯಾದ ಮಾತು. ಊರಿಗೆ ಬರಲಾಗದ ಮಗ ಮೊದಲು ಇನ್ವರ್ಟರ್ ಕಳಿಸಿದ, ಆಮೇಲೆ ಸಿಸಿಟಿವಿ ಕಳಿಸಿದ, ಈಗ ನಾಯಿಮರಿ ಕಳಿಸುತ್ತಾನೆ. ಮೊದಲಿನೆರಡಕ್ಕೆ ಅನ್ನ ಹಾಕಬೇಕಾಗಿರಲಿಲ್ಲ ಎಂಬುದು ಮಾತ್ರ ಅವನ ಲೆಕ್ಕದಿಂದ ತಪ್ಪಿಹೋಗುತ್ತದೆ.

ಲೆಕ್ಕವನ್ನೇ ಮಾಡೋಣ, ರೇಟು ರೇಟು ಎನ್ನುವವರ ಭಾಷೆಯಲ್ಲೇ. ಕಾಗದಪತ್ರ ಇಲ್ಲದ ರಾಟ್‌ವೀಲರ್ ಮರಿಗೆ ಹುಬ್ಬಳ್ಳಿ, ಬೆಂಗಳೂರಿನ ಕಡೆ 20ರಿಂದ 30 ಸಾವಿರ ಹೇಳುತ್ತಾರೆ. ಗ್ರೇಟ್ ಡೇನ್ ಮರಿ 12ರಿಂದ 20 ಸಾವಿರಕ್ಕೆ ಸಿಗುತ್ತದೆ. ಕೆನಲ್ ಕ್ಲಬ್ಬಿನ ಕಾಗದ ಇದೆ, ಅಪ್ಪ ಷೋನಲ್ಲಿ ಗೆದ್ದದ್ದು ಎಂದರೆ ಎರಡಕ್ಕೂ ಬೆಲೆ ಇಮ್ಮಡಿ, ಮುಮ್ಮಡಿ. ಸುಲಭಕ್ಕೆಂದು ರಾಟ್‌ವೀಲರಿಗೆ 25,000, ಡೇನಿಗೆ 15,000 ಹಿಡಿಯಿರಿ. ಹತ್ತು ಸಾವಿರ ಉಳಿಸಿದೆ ಎಂದು ಡೇನ್ ತಂದವನು ಮೀಸೆ ತಿರುವುತ್ತಾನೆ.

ಬೆಳೆದ ಗಂಡು ರಾಟ್‌ವೀಲರ್ ಐವತ್ತು ಕಿಲೋ ತೂಗುತ್ತದೆ, ಗಂಡು ಡೇನ್ ಅರವತ್ತು ದಾಟಿ ಎಪ್ಪತ್ತಕ್ಕೂ ಹೋಗುತ್ತದೆ. ಅಂಗಡಿಯ ಒಣ ಆಹಾರವನ್ನೇ ಹಾಕುವುದಾದರೆ ಮೊದಲನೆಯದಕ್ಕೆ ದಿನಕ್ಕೆ ಅರ್ಧ ಕಿಲೋ, ಎರಡನೆಯದಕ್ಕೆ ಮುಕ್ಕಾಲು ಕಿಲೋ ಬೇಕು. ಕಿಲೋಕ್ಕೆ 250 ರೂಪಾಯಿಯ ಸಾಧಾರಣ ಆಹಾರವೆಂದರೂ ತಿಂಗಳಿಗೆ ರಾಟ್‌ವೀಲರಿಗೆ 3,750, ಡೇನಿಗೆ 5,625. ನಾಯಿ ಪೂರ್ತಿ ಬೆಳೆದ ಆರೇ ತಿಂಗಳಲ್ಲಿ ಡೇನಿನವನು ಉಳಿಸಿದ ಹತ್ತು ಸಾವಿರ ಅದರ ಹೊಟ್ಟೆ ಸೇರಿತು. ಅಲ್ಲಿಂದ ಮುಂದೆ ಅಗ್ಗದ ಮರಿಯೇ ದುಬಾರಿ. ಎಂಟು ವರ್ಷ ಬದುಕಿತೆಂದು ಹಿಡಿದರೆ ರಾಟ್‌ವೀಲರಿನ ಊಟಕ್ಕೆ 3 ಲಕ್ಷ 60 ಸಾವಿರ, ಡೇನಿನದಕ್ಕೆ 5 ಲಕ್ಷ 40 ಸಾವಿರ. ಇದರ ಮುಂದೆ ಮರಿಯ ರೇಟೆಷ್ಟು? ಡೇನಿನ ಪಾಲಿಗೆ ನೂರಕ್ಕೆ ಮೂರು ರೂಪಾಯಿಯೂ ಅಲ್ಲ, ರಾಟ್‌ವೀಲರಿನ ಪಾಲಿಗೆ ನೂರಕ್ಕೆ ಆರೇಳು. ಉಳಿದ ತೊಂಬತ್ತು ಚಿಲ್ಲರೆಯ ಮಾತು ಪಂಕ್ತಿಯಲ್ಲಿ ಯಾರೂ ಎತ್ತುವುದಿಲ್ಲ. ಕ್ವಿಂಟಾಲ್ ಚಾಲಿಗೆ ನಲವತ್ತು ಸಾವಿರ ಬಂದರೂ ಹದಿಮೂರೂವರೆ ಕ್ವಿಂಟಾಲ್ ಅಡಿಕೆ ಡೇನಿನ ತಟ್ಟೆಗೆ ಹೋಯಿತು. ಒಂದೆಕರೆ ತೋಟದ ಒಂದು ವರ್ಷದ ಫಸಲು ಅದಕ್ಕಿಂತ ಕಡಿಮೆ ಇರುವ ಮನೆಗಳೇ ನಮ್ಮಲ್ಲಿ ಹೆಚ್ಚು.

‘ಪ್ಯಾಕೆಟ್ ಯಾರು ಹಾಕ್ತಾರೆ, ನಾವು ಉಣ್ಣುವ ಅನ್ನ ಮಜ್ಜಿಗೆಯನ್ನೇ ಅದೂ ಉಣ್ಣಲಿ’ ಎನ್ನುವವರಿದ್ದಾರೆ. ಇದು ಇನ್ನೂ ಕೆಟ್ಟದು. ಎಂಟು ವಾರಕ್ಕೆ ಐದಾರು ಕಿಲೋ ಇದ್ದ ಮರಿ ವರ್ಷದೊಳಗೆ ಅದರ ಹತ್ತು ಪಟ್ಟು ಬೆಳೆಯಬೇಕು. ಅಷ್ಟು ವೇಗದಲ್ಲಿ ಬೆಳೆಯುವ ಎಲುಬಿಗೆ ಅನ್ನ ಮಜ್ಜಿಗೆ ಸಾಲದು. ಮುಂಗಾಲು ಬಿಲ್ಲಿನಂತೆ ಬಾಗಿದ, ಎದ್ದು ನಿಲ್ಲಲು ತಿಣುಕುವ ಎಷ್ಟು ದೊಡ್ಡ ನಾಯಿಗಳು ನಮ್ಮ ಹಳ್ಳಿಗಳಲ್ಲಿವೆ ಎಂದು ಪಶುವೈದ್ಯರನ್ನು ಕೇಳಿ. ಕಾಲು ಬಾಗಿದ್ದು ಕಂಡು ಗಾಬರಿಯಾದ ಮನೆಯವರು ಔಷಧಿ ಅಂಗಡಿಯಿಂದ ಕ್ಯಾಲ್ಸಿಯಂ ಬಾಟಲಿ ತಂದು ಚಮಚಗಟ್ಟಲೆ ಸುರಿಯುತ್ತಾರೆ. ದೊಡ್ಡ ಜಾತಿಯ ಮರಿಗೆ ಕ್ಯಾಲ್ಸಿಯಂ ಹೆಚ್ಚಾದರೂ ಎಲುಬು, ಕೀಲು ಕೆಡುತ್ತವೆ. ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ ಎನ್ನುವಂಥ ಪ್ರಾಣಿಯನ್ನು ಸಾಕಲು ತಿಳಿದವರ ಕಣ್ಣು ದಿನಾ ಬೇಕು.

ಮೊಟ್ಟೆ ಹಾಕಿ ಎಂದು ವೈದ್ಯರು ಹೇಳಿಬಿಟ್ಟರಂತೂ ಮನೆಯಲ್ಲಿ ಒಂದು ಪ್ರಸಂಗವೇ ನಡೆಯುತ್ತದೆ. ಅಡುಗೆಮನೆಗೆ ಮೊಟ್ಟೆ ಹೊಗುವ ಹಾಗಿಲ್ಲ. ಬಚ್ಚಲ ಒಲೆಯ ಪಕ್ಕ ಕರಿ ಹಿಡಿದ ಅಲ್ಯೂಮಿನಿಯಂ ಪಾತ್ರೆಯೊಂದು ನಾಯಿಯದೆಂದು ಬೇರೆಯಾಗುತ್ತದೆ. ಜೀವಮಾನದಲ್ಲಿ ಮೊಟ್ಟೆ ಮುಟ್ಟದ ಆಯಿ ಎಪ್ಪತ್ತರ ವಯಸ್ಸಿನಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ದಿನಕ್ಕೆ ನಾಲ್ಕು ಮೊಟ್ಟೆ ಬೇಯಿಸುತ್ತಾಳೆ, ಸಿಪ್ಪೆಯನ್ನು ತೆಂಗಿನ ಬುಡದಲ್ಲಿ ಹುಗಿಯುತ್ತಾಳೆ. ಶ್ರಾದ್ಧದ ದಿನ ಭಟ್ಟರು ಬರುವ ಮೊದಲು ಮೊಟ್ಟೆಯ ಟ್ರೇ ಕಟ್ಟಿಗೆಕೊಟ್ಟಿಗೆಯ ಹಿಂದಕ್ಕೆ ಹೋಗುತ್ತದೆ. ನಗಬಹುದು, ನಾನೂ ನಕ್ಕಿದ್ದೇನೆ. ಆದರೆ ಆಯಿಯನ್ನು ಕೇಳಿ ಮರಿ ತಂದವರು ಯಾರೂ ಇಲ್ಲ.

ಈಗ ಮರಿ ಮಾರುವವರ ಕಡೆ ಸ್ವಲ್ಪ ತಿರುಗೋಣ. ‘ಡಬಲ್ ಬೋನ್ ಮರಿ ಸಾರ್’ ಎನ್ನುತ್ತಾರೆ. ಯಾವ ಪ್ರಾಣಿಗೂ ಎಲುಬು ಡಬಲ್ ಇರುವುದಿಲ್ಲ. ಆ ಮಾತಿನಿಂದ ಡಬಲ್ ಆಗುವುದು ರೇಟು ಒಂದೇ. ‘ಇಂಪೋರ್ಟೆಡ್ ಲೈನ್’ ಎನ್ನುತ್ತಾರೆ. ಮಾರಾಟಕ್ಕಾಗಿ, ತಳಿ ಬೆಳೆಸುವುದಕ್ಕಾಗಿ ನಾಯಿ ಆಮದು ಮಾಡುವುದಕ್ಕೆ ಕೇಂದ್ರ ಸರ್ಕಾರ 2016ರಲ್ಲೇ ಕಡಿವಾಣ ಹಾಕಿದೆ. ಆದರೂ ಪ್ರತಿ ಮರಿಯ ಅಜ್ಜ ಸರ್ಬಿಯಾದಿಂದಲೋ ಜರ್ಮನಿಯಿಂದಲೋ ಬಂದವನೇ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಒಂದು ಹೆಣ್ಣಿಗೆ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಆಗಕೂಡದು. ನಮ್ಮ ಕಡೆಗೆ ಬರುವ ಮರಿಗಳು ಐದು ವಾರಕ್ಕೇ ತಾಯಿ ಬಿಟ್ಟು, ತೂತು ಕೊರೆದ ರಟ್ಟಿನ ಡಬ್ಬಿಯಲ್ಲಿ ರಾತ್ರಿ ಬಸ್ಸಿನ ಸೀಟಿನಡಿ ಕೂತು ಬರುತ್ತವೆ. ಬಂದ ವಾರಕ್ಕೆ ರಕ್ತಭೇದಿ. ಪಾರ್ವೊ ರೋಗಕ್ಕೆ ರಾಟ್‌ವೀಲರ್ ಮರಿಗಳು ಬೇರೆ ಜಾತಿಗಿಂತ ಬೇಗ ಬಲಿಯಾಗುತ್ತವೆ ಎಂಬುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಗ್ಲೂಕೋಸ್ ಏರಿಸಿ, ಒಂದು ವಾರ ಶಿರಸಿಗೆ ಓಡಾಡಿ, ಕೊನೆಗೆ ತೋಟದ ಮೂಲೆಯಲ್ಲಿ ಗುಂಡಿ ತೋಡಿದ ಮನೆಗಳನ್ನು ನಾನು ಬಲ್ಲೆ. ಮಾರಿದವನಿಗೆ ಫೋನು ಮಾಡಿದರೆ ‘ನಿಮ್ಮ ಹವೆಗೆ ಹೊಂದಿಲ್ಲ ಸಾರ್’ ಎಂಬ ಉತ್ತರ. ಅದೊಂದು ಮಾತನ್ನು ಅವನು ಮಾರುವ ಮೊದಲು ಹೇಳಿದ್ದರೆ ಸಾಕಿತ್ತು.

ರೇಟಿನ ಮರುಳು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. ಐವತ್ತು ಕೋಟಿ ಕೊಟ್ಟು ನಾಯಿ ಕೊಂಡೆ ಎಂದು ಒಬ್ಬರು ಹೇಳಿಕೊಂಡದ್ದು 2025ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಜಾರಿ ನಿರ್ದೇಶನಾಲಯದವರು ಮನೆ ಬಾಗಿಲಿಗೆ ಬಂದು ವಿಚಾರಿಸಿದಾಗ ಅಂಥ ವ್ಯವಹಾರಕ್ಕೆ ಪುರಾವೆ ಸಿಗಲಿಲ್ಲವೆಂದು ಪತ್ರಿಕೆಗಳು ಬರೆದವು. ಚೀನಾದಲ್ಲಿ 2014ರಲ್ಲಿ ಟಿಬೆಟನ್ ಮ್ಯಾಸ್ಟಿಫ್ ಮರಿಯೊಂದು ಒಂದು ಕೋಟಿ ಇಪ್ಪತ್ತು ಲಕ್ಷ ಯುವಾನಿಗೆ ಹೋಯಿತೆಂದು ಸುದ್ದಿಯಾಗಿತ್ತು. ಒಂದೆರಡು ವರ್ಷದೊಳಗೆ ಆ ಹುಚ್ಚು ಇಳಿದು, ಸಾಕಲಾರದವರು ಬೀದಿಗೆ ಬಿಟ್ಟ ಮ್ಯಾಸ್ಟಿಫ್‌ಗಳು ಟಿಬೆಟ್ ಪ್ರಸ್ಥಭೂಮಿಯಲ್ಲಿ ಹಿಂಡು ಕಟ್ಟಿಕೊಂಡು ತಿರುಗಿದವು. ಅಂದ ಹಾಗೆ ನಿಜವಾದ ಟಿಬೆಟನ್ನರು 1966ರಿಂದ ನಮ್ಮ ಪಕ್ಕದ ಮುಂಡಗೋಡಿನಲ್ಲೇ ಇದ್ದಾರೆ. ಮ್ಯಾಸ್ಟಿಫ್ ಬೇಕೆನ್ನುವವರು ಒಂದು ಸಲ ಆ ಕ್ಯಾಂಪಿಗೆ ಹೋಗಿ ಯಾವ ನಾಯಿಗಳು ಬಿದ್ದುಕೊಂಡಿವೆ ನೋಡಿ ಬರಲಿ.

ಹವೆಯ ಮಾತು ಬಂತಲ್ಲ. ಶಿರಸಿಯಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನಾಲ್ಕು ತಿಂಗಳಲ್ಲಿ. ಕಂಬಳಿಯೇ ಒಣಗದ ಆಷಾಢದಲ್ಲಿ ಅರವತ್ತು ಕಿಲೋದ ನಾಯಿ ಒಣಗುವುದೆಲ್ಲಿ? ಮೈಯೆಲ್ಲ ಹುಣ್ಣು, ಕಿವಿಯಲ್ಲಿ ಕೀವು, ಬೆರಳ ಸಂದಿಯಲ್ಲಿ ನಂಜು. ಮಳೆ ಕಳೆದರೆ ಉಣುಗಿನ ಕಾಲ. ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನಕಾಯಿಲೆ ಸಿದ್ದಾಪುರದವರಿಗೆ ಹೊಸದೇನಲ್ಲ. ಉಣುಗು ಎಂದರೆ ಅಲ್ಲಿ ಜನ ಬೆಚ್ಚುತ್ತಾರೆ. ನಾಯಿಗೆ ಬರುವ ಉಣುಗಿನ ಜ್ವರ ಬೇರೆಯೇ. ರಕ್ತ ಬತ್ತಿಸಿ, ಮೂಗಲ್ಲಿ ರಕ್ತ ಸುರಿಸಿ ಕೊಲ್ಲುತ್ತದೆ. ಬೆಟ್ಟ ತಿರುಗಿ ಬಂದ ಯಾವ ನಾಯಿಯ ಮೈಮೇಲೂ ಉಣುಗು ಇರುತ್ತದೆ, ಕಂತ್ರಿ ನಾಯಿಯ ಮೇಲೂ. ಆದರೆ ಉಣುಗಿನ ಮಾತ್ರೆ, ಜಂತಿನ ಮಾತ್ರೆ, ಜ್ವರದ ಇಂಜೆಕ್ಷನ್ ಎಲ್ಲವೂ ತೂಕ ನೋಡಿ ಕೊಡುವ ಮದ್ದು. ಹದಿನೈದು ಕಿಲೋದ ನಾಯಿಗೆ ಒಂದು ಮಾತ್ರೆಯಾದರೆ ಅರವತ್ತು ಕಿಲೋದ್ದಕ್ಕೆ ನಾಲ್ಕು. ಮರಿಯ ರೇಟು ಹೋಲಿಸುವವರು ತೂಕ ಹೋಲಿಸಬೇಕಿತ್ತು.

ಗ್ರೇಟ್ ಡೇನ್ ಬಗ್ಗೆ ಇನ್ನೊಂದು ಮಾತು ಹೇಳದೆ ಬಿಡಲಾಗದು. ಎದೆ ಆಳವಾಗಿರುವ ಈ ಜಾತಿಗೆ ಹೊಟ್ಟೆ ಉಬ್ಬರಿಸಿ ಜಠರವೇ ತಿರುಚಿಕೊಳ್ಳುವ ಕಾಯಿಲೆ ಬರುವ ಸಂಭವ ಹೆಚ್ಚು, ಎಲ್ಲ ಜಾತಿಗಳಿಗಿಂತ ಹೆಚ್ಚು ಎಂದರೂ ತಪ್ಪಾಗದು. ರಾತ್ರಿ ಉಂಡು ಮಲಗಿದ ನಾಯಿ ವಾಂತಿಗೆ ಒದ್ದಾಡುತ್ತದೆ, ಏನೂ ಬರುವುದಿಲ್ಲ, ಹೊಟ್ಟೆ ನಗಾರಿಯಾಗುತ್ತದೆ. ಕೆಲವೇ ತಾಸಿನಲ್ಲಿ ಶಸ್ತ್ರಚಿಕಿತ್ಸೆ ಆಗದಿದ್ದರೆ ಸಾವು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಅದಕ್ಕಿಂತ ಹತ್ತಿರವೇನಲ್ಲ. ನಮ್ಮ ತಾಲೂಕುಗಳ ಸರ್ಕಾರಿ ಪಶುವೈದ್ಯರು ಒಳ್ಳೆಯವರೇ, ಆದರೆ ಅವರ ಹೊತ್ತೆಲ್ಲ ಎಮ್ಮೆ, ಆಕಳ ಹೆರಿಗೆಗೇ ಸಾಲುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮಣ್ಣುರಸ್ತೆಯ ತುದಿಯ ಮನೆಯಿಂದ ಅರವತ್ತು ಕಿಲೋದ ನಾಯಿಯನ್ನು ಜೀಪಿಗೆ ಹತ್ತಿಸುವವರು ಯಾರು?

ನಿಜಕ್ಕೂ ಈ ‘ಯಾರು’ ಎಂಬುದೇ ಎಲ್ಲ ರೇಟಿಗಿಂತ ದೊಡ್ಡ ಪ್ರಶ್ನೆ. ಮಾರಿಜಾತ್ರೆಗೆ ಬಂದ ಮಗ ಮರಿ ಬಿಟ್ಟುಹೋದಾಗ ಅದು ಮಡಿಲಲ್ಲಿ ಮಲಗುತ್ತಿತ್ತು. ಎರಡು ವರ್ಷ ಕಳೆದು ಮುಂದಿನ ಜಾತ್ರೆ ಬರುವ ಹೊತ್ತಿಗೆ ಅದು ಅಪ್ಪಯ್ಯನಷ್ಟೇ ತೂಗುತ್ತದೆ, ಕೆಲವು ಮನೆಗಳಲ್ಲಿ ಅವರಿಗಿಂತ ಹೆಚ್ಚು. ಮಂಡಿನೋವಿನ ಅಪ್ಪಯ್ಯ ಸರಪಳಿ ಹಿಡಿದು ಅಂಗಳಕ್ಕಿಳಿದ ಗಳಿಗೆಗೇ ತೋಟದಲ್ಲೊಂದು ಮಂಗ ಹಾರಿತೆನ್ನಿ. ನನಗೆ ಗೊತ್ತಿರುವ ಹಿರಿಯರೊಬ್ಬರು ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಮಗನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ತಮಾ, ಇದ್ನ ಹಿಡ್ಕಂಬ್ಲೆ ಯನ್ನತ್ರ ಆಗ್ತಿಲ್ಲೆ.’ ಆಮೇಲೆ ಆ ನಾಯಿ ಕಬ್ಬಿಣದ ಗೂಡು ಸೇರಿತು. ಹಗಲೂ ಗೂಡು, ರಾತ್ರಿಯೂ ಗೂಡು. ಗೂಡಿನಲ್ಲೇ ಬೆಳೆದ ದೊಡ್ಡ ನಾಯಿ ಯಾವುದಕ್ಕೂ ಒಗ್ಗದೆ ಎಲ್ಲರ ಮೇಲೂ ಎಗರುತ್ತದೆ. ಅನ್ನ ಹಾಕುವ ಆಯಿ ತಟ್ಟೆಯನ್ನು ಕೋಲಿನಿಂದ ಒಳಗೆ ತಳ್ಳುತ್ತಾಳೆ. ಕಳ್ಳ ಬಂದರೆ ಗೂಡಿನ ಚಿಲಕ ತೆಗೆಯುವಷ್ಟು ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಇದಕ್ಕೆ ಕಾವಲು ಎಂದು ಹೆಸರು.

ಕಳ್ಳರು ಬರುವುದು ಅಪರೂಪ. ದಿನಾ ಬರುವವರು ಬೇರೆ ಇದ್ದಾರೆ. ಹಾಲಿನ ಡೇರಿಗೆ ಹೋಗುವ ಹುಡುಗ, ಅಂಚೆಯವರು, ಗ್ಯಾಸ್ ಸಿಲಿಂಡರ್ ಇಳಿಸುವವರು, ಕವಳ ಹಾಕಲೆಂದು ಹಿಂಬಾಗಿಲಿನಿಂದಲೇ ಒಳಬರುವ ಪಕ್ಕದ ಮನೆಯ ಹೆಗಡೇರು. ಎಲ್ಲರಿಗಿಂತ ಮುಖ್ಯವಾಗಿ ಕೊನೆಗೌಡ. ತೋಟಿಗರು ಕೊನೆಗೌಡನ ಮುಂದೆ ಕೈಕಟ್ಟಿ ನಿಲ್ಲಬೇಕಾದ ಕಾಲ ಇದು. ಮರ ಹತ್ತುವವರು ಕಡಿಮೆ, ಕೊನೆ ಬಲಿತ ತೋಟಗಳು ಹೆಚ್ಚು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವುದೂ ಅವರೇ. ಎರಡನೇ ಸಲದ ಮದ್ದು ಒಂದು ವಾರ ತಡವಾದರೆ ಉದುರಿದ ಕಾಯಿ ಹೆಕ್ಕಿ ಮುಗಿಯುವುದಿಲ್ಲ. ಒಂದು ಸಲ ನಾಯಿ ಸರಪಳಿ ಹರಿದು ಮೈಮೇಲೆ ಬಂತೆನ್ನಿ, ಕಚ್ಚುವುದೇ ಬೇಡ, ಆ ಮನೆಗೆ ಮತ್ತೆ ಬರುವುದಿಲ್ಲ ಎನ್ನಲು ಅವರಿಗೆ ಅಷ್ಟೇ ಸಾಕು. ಬೇರೆ ಹತ್ತು ಮನೆಯವರು ಕರೆಯಲು ಕಾದಿರುತ್ತಾರೆ. ಅಡಿಕೆ ಸುಲಿಯಲು ಬರುವ ಹೆಂಗಸರದೂ ಇದೇ ಮಾತು: ‘ಆ ನಾಯಿ ಇದ್ದಲ್ಲಿಗೆ ನಾವು ಬರೂದಿಲ್ಲ ಅಮ್ಮಾ.’ ಅಂಗಳದ ಅಡಿಕೆ ಕಾಯಲು ತಂದ ನಾಯಿಯಿಂದ ಅಡಿಕೆ ಅಂಗಳಕ್ಕೇ ಬರದ ಹಾಗಾದ ಮನೆ ಸಿದ್ದಾಪುರದ ಕಡೆ ಒಂದಲ್ಲ. ಈ ನಷ್ಟವನ್ನು ಮರಿಯ ರೇಟಿಗೆ ಸೇರಿಸಿ ಹೇಳುವ ಅ‍ನುಭವಸ್ಥರನ್ನು ನಾನಿನ್ನೂ ಕಂಡಿಲ್ಲ.

ಚಿರತೆಯ ಮಾತೆತ್ತುತ್ತಾರೆ. ದೊಡ್ಡ ನಾಯಿಯಿದ್ದರೆ ಚಿರತೆ ಹತ್ತಿರ ಸುಳಿಯುವುದಿಲ್ಲವಂತೆ. ಕಟ್ಟಿಹಾಕಿದ ನಾಯಿ ಎಷ್ಟೇ ದೊಡ್ಡದಿದ್ದರೂ ಹೊಂಚಿ ಹಿಡಿಯುವ ಚಿರತೆಗೆ ಅದು ಓಡಲಾರದ ಬೇಟೆ. ಇದಕ್ಕೆ ಎದುರಾಗಿ ನಮೀಬಿಯಾದ ಉದಾಹರಣೆ ಕೊಡುವ ಓದಿಕೊಂಡವರೂ ಇದ್ದಾರೆ. ಅಲ್ಲಿ ಚೀತಾ ಸಂರಕ್ಷಣೆಯವರು 1994ರಿಂದ ಟರ್ಕಿ ಮೂಲದ ಅನಟೋಲಿಯನ್ ಕುರಿನಾಯಿಗಳನ್ನು ರೈತರಿಗೆ ಕೊಟ್ಟು, ಆಡು ಕುರಿಗಳನ್ನು ಉಳಿಸಿದ್ದು ನಿಜ. ಆ ನಾಯಿ ಮರಿಯಿದ್ದಾಗಿನಿಂದ ಕುರಿಗಳ ಜೊತೆಗೇ ಬೆಳೆದು, ಬಯಲಿನಲ್ಲಿ ಹಗಲೆಲ್ಲ ಹಿಂಡಿನ ಜೊತೆ ತಿರುಗುತ್ತದೆ, ಸರಪಳಿ ಕಂಡೇ ಇರುವುದಿಲ್ಲ. ನಮ್ಮಲ್ಲಿ ಹಿಂಡೂ ಇಲ್ಲ, ಬಯಲೂ ಇಲ್ಲ. ಇರುವ ಎರಡು ಆಕಳು, ಒಂದು ಕರುವಿಗೆ ಕೊಟ್ಟಿಗೆಯ ಬಾಗಿಲು ಭದ್ರವಾಗಿದ್ದರೆ ಸಾಕು. ಕಾಡುಹಂದಿಗೆ ಗ್ರೇಟ್ ಡೇನ್ ಹೇಳಿ ಮಾಡಿಸಿದ್ದು ಎನ್ನುವವರಿಗೂ ಒಂದು ಮಾತು: ಹಂದಿ ಬೇಟೆಯ ಆ ಹಳೆಯ ಗುಣವನ್ನು ಷೋಗಾಗಿ ಸಾಕಿದವರು ನೂರು ವರ್ಷದಿಂದ ತೆಗೆಯುತ್ತಲೇ ಬಂದಿದ್ದಾರೆ. ಹಾಗೆಂದು ನಾಯಿ ಬಿಟ್ಟು ಹಂದಿ ಅಟ್ಟಿ ಹಿಡಿಸಿದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಬೇಟೆಯೇ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. 2024ರ ಮಾರ್ಚಿನಲ್ಲಿ ಕೇಂದ್ರ ಪಶುಸಂಗೋಪನೆ ಇಲಾಖೆ 23 ಜಾತಿಯ ನಾಯಿಗಳ ಆಮದು, ಸಂವರ್ಧನೆ, ಮಾರಾಟ ನಿಲ್ಲಿಸಿ ಎಂದು ರಾಜ್ಯಗಳಿಗೆ ಪತ್ರ ಬರೆಯಿತು. ಅದರಲ್ಲಿ ರಾಟ್‌ವೀಲರ್ ಇತ್ತು, ಗ್ರೇಟ್ ಡೇನ್ ಇರಲಿಲ್ಲ. ಏಪ್ರಿಲ್ 10ರಂದು ನಮ್ಮ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಎಂಬುದು ಒಂದು ಕಾರಣ. ನನಗೆ ಕೋರ್ಟು ಮಾಡಿದ್ದು ಸರಿಯೆನಿಸುತ್ತದೆ. ನಿಷೇಧ ಮಾಡಿದ್ದರೆ ಅದೇ ಮರಿ ಕದ್ದುಮುಚ್ಚಿ ಇನ್ನೂ ಹತ್ತು ಸಾವಿರ ಹೆಚ್ಚಿಗೆ ಬರುತ್ತಿತ್ತು. ಆದರೆ ಸುತ್ತೋಲೆ ಹೋಯಿತೆಂದು ಹೊಣೆ ಹೋಗಲಿಲ್ಲ. ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ. ಕೇಸು ಬೀಳುವುದು ಬೆಂಗಳೂರಿನ ಮಗನ ಮೇಲಲ್ಲ, ಮನೆಯಲ್ಲಿರುವ ಅಪ್ಪಯ್ಯನ ಮೇಲೆ.

ಹಾಗಾದರೆ ದೇಶಿ ಜಾತಿ ತರೋಣ, ಮುಧೋಳ ನಾಯಿ ತರೋಣ ಎಂದು ಈ ಹಂತದಲ್ಲಿ ಕೆಲವರು ಉತ್ಸಾಹಗೊಳ್ಳುತ್ತಾರೆ. ಮುಧೋಳ ನಮ್ಮ ಹೆಮ್ಮೆ. 2005ರಲ್ಲಿ ಅದರ ಅಂಚೆಚೀಟಿ ಬಂತು, 2016ರಲ್ಲಿ ಸೈನ್ಯದವರು ಮರಿಗಳನ್ನು ಮೀರತ್‌ಗೆ ಒಯ್ದರು. ಆದರೆ ಅದು ಬಯಲುಸೀಮೆಯಲ್ಲಿ ದೂರದ ಮೊಲ ಕಂಡು ಬಾಣದ ಹಾಗೆ ಓಡುವ ನಾಯಿ. ನಾಲ್ಕು ಮಾರು ಕಾಣದ ತೋಟದ ಕತ್ತಲಲ್ಲಿ, ಜಾರುವ ಸಂಕದ ಮೇಲೆ, ತೆಳು ಚರ್ಮ ಹೊತ್ತು ಮಳೆಯಲ್ಲಿ ನಡುಗುತ್ತ ನಿಲ್ಲಲು ಹುಟ್ಟಿದ್ದಲ್ಲ. ಸ್ವದೇಶಿ ಎಂದ ಮಾತ್ರಕ್ಕೆ ಎಲ್ಲ ಸೀಮೆಗೂ ಸರಿ ಹೋಗಬೇಕೆಂದೇನಿಲ್ಲ.

ನಮ್ಮ ಮನೆಗಳಿಗೆ ಬೇಕಾಗಿರುವ ಕೆಲಸ ಒಂದೇ: ಅಪರಿಚಿತರು ಅಂಗಳ ಮೆಟ್ಟುವ ಮೊದಲು ಬೊಗಳುವುದು. ಕಳ್ಳನಿಗೆ ಹೆದರಿಕೆ ಹಲ್ಲಿನದ್ದಲ್ಲ, ಎದ್ದು ಲೈಟು ಹಾಕುವ ಮನೆಯವರದ್ದು. ಆ ಕೆಲಸವನ್ನು ಹದಿನೈದು ಕಿಲೋದ ಕಂತ್ರಿ ನಾಯಿ ನೂರಾರು ವರ್ಷಗಳಿಂದ ಮಾಡುತ್ತ ಬಂದಿದೆ. ಕೊನೆಗೌಡನನ್ನು ಹೆಜ್ಜೆ ಸಪ್ಪಳದಲ್ಲೇ ಗುರುತಿಸಿ ಬಾಲ ಆಡಿಸುತ್ತದೆ, ಹೊಸಬರಿಗೆ ದಣಪೆಯ ಹತ್ತಿರವೇ ಗಲಾಟೆ ಎಬ್ಬಿಸುತ್ತದೆ. ಗ್ರೇಟ್ ಡೇನ್ ಹಗಲೆಲ್ಲ ಜಗಲಿಯಲ್ಲಿ ಮಲಗಿ ನಿದ್ದೆ ಹೊಡೆಯುವುದನ್ನು ನೋಡಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಕಂತ್ರಿ ನಾಯಿ ಊರು ತಿರುಗುತ್ತದೆ, ಕೋಳಿ ಹಿಡಿಯುತ್ತದೆ, ಮರಿ ಹಾಕುತ್ತಲೇ ಇರುತ್ತದೆ ಎಂಬ ದೂರುಗಳು ನಿಜವೇ. ತಿರುಗಾಟ ಮತ್ತು ಮರಿ ಎರಡಕ್ಕೂ ಮದ್ದು ಒಂದೇ, ಸಂತಾನಹರಣ ಶಸ್ತ್ರಚಿಕಿತ್ಸೆ. ಅದಕ್ಕೆ ಆಗುವ ಖರ್ಚು ರಾಟ್‌ವೀಲರಿನ ಒಂದೆರಡು ತಿಂಗಳ ಊಟದ್ದು. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ರಾತ್ರಿ ಚಿರತೆ ಕೈಗೆ ಸಿಗದಂತೆ ಕೊಟ್ಟಿಗೆಯೊಳಗೆ ಅಥವಾ ಜಾಳಿಗೆಯ ಗೂಡಿನಲ್ಲಿ ಮಲಗಿಸಿದರೆ ಮುಗಿಯಿತು. ಒಳಗಿನಿಂದಲೂ ಅದು ಬೊಗಳುತ್ತದೆ. ಒಂಟಿ ಮನೆಯಾದರೆ ಎರಡು ಸಾಕಿ. ಎರಡರ ಊಟ ಸೇರಿದರೂ ಒಂದು ಡೇನಿನಷ್ಟಾಗುವುದಿಲ್ಲ.

ನನಗೆ ಸಿಟ್ಟು ಬರುವ ಜಾಗ ಇದು. 25 ಸಾವಿರ ಕೊಟ್ಟು ದೂರದಿಂದ ಮರಿ ತರಿಸುವ ಊರಿನವರೇ, ಮನೆಯ ನಾಯಿ ಹಾಕಿದ ಆರು ಮರಿಗಳಲ್ಲಿ ಗಂಡೆರಡನ್ನು ಇಟ್ಟುಕೊಂಡು ಹೆಣ್ಣು ನಾಲ್ಕನ್ನು ಚೀಲಕ್ಕೆ ಹಾಕಿ ಘಟ್ಟದ ರಸ್ತೆಯ ತಿರುವಿನಲ್ಲಿ ಬಿಟ್ಟು ಬರುತ್ತಾರೆ. ಕಣ್ಣು ಆಗಷ್ಟೇ ಬಿಟ್ಟ ಮರಿಗಳು ಲಾರಿಗಳ ನಡುವೆ ಒದರುತ್ತ ನಿಂತಿರುವುದನ್ನು ಆ ದಾರಿಯಲ್ಲಿ ಓಡಾಡುವವರೆಲ್ಲ ಕಂಡಿದ್ದಾರೆ. ಕಾವಲಿಗೆ ಹೆಣ್ಣು ನಾಯಿ ಯಾವ ರೀತಿಯಲ್ಲೂ ಕಡಿಮೆಯಲ್ಲ. ಮನೆ ಬಿಟ್ಟು ದೂರ ಹೋಗದಿರುವುದರಲ್ಲಿ ಗಂಡಿಗಿಂತ ಮೇಲು.

ಆದ್ದರಿಂದ ಬೆಂಗಳೂರಿನಲ್ಲಿ ಕೂತು ರಾಟ್‌ವೀಲರ್ ಅಗ್ಗವೋ ಡೇನ್ ಅಗ್ಗವೋ ಎಂದು ಹುಡುಕುತ್ತಿರುವ ತಮ್ಮಂದಿರಲ್ಲಿ ನನ್ನದೊಂದು ಕೇಳಿಕೆ. ಮರಿಗೆ ಅಡ್ವಾನ್ಸ್ ಕಳಿಸುವ ಮೊದಲು ಮನೆಗೆ ಫೋನು ಮಾಡಿ. ಅಪ್ಪಯ್ಯನಿಗಲ್ಲ, ಆಯಿಗೆ. ಅರವತ್ತು ಕಿಲೋದ ನಾಯಿಯ ಬಾಯಿ ಬಿಡಿಸಿ ಮಾತ್ರೆ ನುಂಗಿಸುವವರು ಯಾರು, ಅದಕ್ಕೆ ದಿನಾ ಬೇಯಿಸಿ ಹಾಕುವವರು ಯಾರು, ನೀವಿಬ್ಬರೂ ಗೋಕರ್ಣಕ್ಕೋ ನಮ್ಮ ಮನೆಗೋ ನಾಲ್ಕು ದಿನ ಬಂದರೆ ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿ. ಹೆಸರು ಹಿಡಿದು ಉತ್ತರ ಬಂದರೆ ಮರಿ ತನ್ನಿ, ಎಂಟು ವಾರ ತುಂಬಿದ್ದನ್ನು, ಅದರ ತಾಯಿಯನ್ನು ಕಣ್ಣಾರೆ ನೋಡಿ ತನ್ನಿ. ಉತ್ತರ ಬರದಿದ್ದರೆ ಆ ದುಡ್ಡಿನಲ್ಲಿ ಅಂಗಳಕ್ಕೆರಡು ದೀಪ ಹಾಕಿಸಿ, ಊರಿನ ಒಂದು ಹೆಣ್ಣು ಮರಿಗೆ ಆಪರೇಷನ್ ಮಾಡಿಸಿ ಮನೆಯಲ್ಲಿಡಿ, ಉಳಿದದ್ದನ್ನು ನಿಮ್ಮ ಬಸ್ ಚಾರ್ಜಿಗೆ ಇಟ್ಟುಕೊಂಡು ತಿಂಗಳಿಗೊಮ್ಮೆ ಊರಿಗೆ ಬನ್ನಿ.